ಇಂಟರ್ವ್ಯೂ ಮಧ್ಯೆ ಕತ್ತಿ ವ್ಯಾಪಾರ

ನಿಮ್ಮ ಮಕ್ಕಳ ಆನ್‌ಲೈನ್ ಇಂಟರ್ವ್ಯೂಗೆ ಯಾರಾದ್ರೂ ನುಗ್ಗಿದ್ದುಂಟಾ? ಮನೇಲಿ ನೆಟ್‌ವರ್ಕ್ ಇಲ್ಲ ಅಂತ ಮಗಳು ಗಡಿಯಾಚೆಯ ಊರು ಕಾಟ್ಟಿಕುಳಂನ ನನ್ನ ಹಾರ್ಡ್‌ವೇರ್ ಅಂಗಡೀಲಿ ಕೂತು, ಸರ್ಕಾರಿ ಲೋಹ ಪ್ರಯೋಗಾಲಯದ ಸಂಶೋಧನಾ ಕೆಲಸಕ್ಕೆ ಇಂಟರ್ವ್ಯೂ ಕೊಡ್ತಿದ್ಲು. ಉಕ್ಕನ್ನ ಮುರೀದೆ ಒಳಬಿರುಕನ್ನ ಹೇಗೆ ಪತ್ತೆ ಮಾಡ್ತೀರಿ ಅಂತ ಅಲ್ಲಿನ ವಿಜ್ಞಾನಿಗಳು ಕೇಳಿದ್ರು. ಹುಡುಗಿ ನನ್ನ ಮುಖ ನೋಡಿದ್ಲು.

ಅಷ್ಟರಲ್ಲಿ ಸೌದೆ ಕಡಿಯೋ ಕತ್ತಿ ಕೊಳ್ಳೋಕೆ ಬಂದ ಗಿರಾಕಿ ಮಾದಣ್ಣ, ಎಂದಿನಂತೆ ಒಂದೊಂದನ್ನೇ ಉಗುರಲ್ಲಿ ತಟ್ಟಿ ಕಿವಿಗೆ ಹಿಡಿದ. "ಚೇಟ್ಟಾ, ನೋಡಣ್ಣಾ, ಇದರದ್ದು ಒಡಕು ದನಿ. ಒಳಗೆ ಸೀಳಿದೆ, ಬೇರೆ ಕೊಡು" ಅಂದ. ನಾನು ಬಾಯಿ ಮುಚ್ಚು ಅಂತ ಸನ್ನೆ ಮಾಡ್ತಿದ್ರೆ, ಅದೇನು ಸದ್ದು ಅಂತ ಕೇಳೇಬಿಟ್ರು ವಿಜ್ಞಾನಿಗಳು.

"ಅದೇ ಸರ್ ಉತ್ತರ, ತಟ್ಟಿ ದನಿ ಕೇಳ್ಬೇಕು" ಅಂದ್ಲು ಮಗಳು. ಅವರು ನಕ್ಕು, ಎಲ್ಲಾ ಕತ್ತೀನೂ ತಟ್ಟಿಸಿದ್ರು.

ಮಗಳಿಗೆ ಕೆಲಸ ಸಿಕ್ತು. ನನ್ನ ಅಂಗಡೀಲಿ ಮೂರು ಕತ್ತಿ ಒಡಕು ಅನ್ನೋದು ಸರ್ಕಾರಕ್ಕೂ ಗೊತ್ತಾಯ್ತು. ನಿಮ್ಮಲ್ಲೂ ಇಂಥದ್ದು ನಡೆದಿದ್ರೆ ಮುಚ್ಚಿಡಬೇಡಿ, ಬರೀರಿ.