ದಿನಕ್ಕೊಂದು ಮೊಳ

ಜೇನಜ್ಜಿ ಮಿಡತೆಯನ್ನು ಮೊದಲು ಕಂಡದ್ದು ತನ್ನ ಗೇಟಿನ ಆಚೆ. ಎಣ್ಣೆ ಕಲೆಯ ಪ್ಯಾಂಟು ತೊಟ್ಟ ಹೆಂಗಸೊಬ್ಬಳು ಒಳಗೆ ಕಾಲಿಡದೆ ಅಲ್ಲಿಂದಲೇ ಕೂಗುತ್ತಿದ್ದಳು.

"ಅಜ್ಜೀ, ನಾಳೆ ಬೆಳಿಗ್ಗೆ ಹೊಲಕ್ಕೆ ಔಷಧಿ ಹೊಡಿತೀನಿ. ಜೇನುಹುಳಗಳನ್ನ ಹೊರಗೆ ಬಿಡಬೇಡಿ!"

"ಒಳಗೆ ಬಂದು ಹೇಳಮ್ಮ, ಕಿವಿ ಅಷ್ಟಕ್ಕಷ್ಟೆ. ಯಾತರಲ್ಲಿ ಹೊಡೀತೀಯಾ?"

"ವಿಮಾನದಲ್ಲಿ."

"ಆಕಾಶದಲ್ಲಿ ಹಾರೋಳು ಇಷ್ಟುದ್ದದ ಹುಳಕ್ಕೆ ಹೆದರ್ತೀಯಾ?"

"ವಿಮಾನ ಕಚ್ಚಲ್ಲ ಅಜ್ಜಿ" ಎಂದು ಅವಳು ಹೊರಟೇಹೋದಳು.

ಬೆಳೆಯ ತಲೆ ಸವರಿಕೊಂಡು ಹಾರುವ ಪುಟ್ಟ ವಿಮಾನ ಅವಳದು. ಅದಕ್ಕೇ ಜನ ಅವಳನ್ನು ಮಿಡತೆ ಎನ್ನುತ್ತಿದ್ದರು. ಟ್ರ್ಯಾಕ್ಟರ್ ರಿಪೇರಿಯವನ ಮಗಳು. ಹರೆಯವೆಲ್ಲ ಬೇರೆಯವರ ವಿಮಾನದ ಟ್ಯಾಂಕು ತೊಳೆದು, ಬೈಸಿಕೊಂಡು, ಬಿಡದೆ ಬೆನ್ನು ಹತ್ತಿ ಹಾರುವುದನ್ನು ಕಲಿತವಳು. ವಿಮಾನ ಧಣಿಯದು, ಕೈ ಮಾತ್ರ ಇವಳದು. ಅಜ್ಜಿಯಾದರೋ ಗಂಡ ತೀರಿಕೊಂಡ ಮೇಲೆ ಐದು ಜೇನುಪೆಟ್ಟಿಗೆ ನಂಬಿ ಬದುಕಿದವಳು. ಪೆಟ್ಟಿಗೆಗಳಿದ್ದದ್ದು ವಿಮಾನ ಇಳಿಯುವ ದಾರಿಯ ತುದಿಯಲ್ಲೇ, ಬೇಲಿಗೆ ತಾಗಿಕೊಂಡಂತೆ.

ಇಬ್ಬರ ನಡುವೆ ಒಂದು ರೂಢಿ ಬೆಳೆಯಿತು. ಮಿಡತೆ ಹಿಂದಿನ ಸಂಜೆ ಗೇಟಿನಿಂದ ಕೂಗುವಳು. ಅಜ್ಜಿ ಪೆಟ್ಟಿಗೆಗಳ ಬಾಗಿಲಿಗೆ ಜಾಲರಿ ಸಿಕ್ಕಿಸುವಳು. ಔಷಧಿ ಮುಗಿದ ಮೇಲೆ ಮಿಡತೆ ಟ್ಯಾಂಕಿಗೆ ಬರೀ ನೀರು ತುಂಬಿ, ಒಂದು ಸುತ್ತು ಹಾರಿ ತೊಳೆದುಕೊಂಡು ಬರುವಳು. ಅಷ್ಟರಲ್ಲಿ ಹೊಲದ ಮೇಲಿನ ಔಷಧಿ ಒಣಗಿರುತ್ತಿತ್ತು. ಇಳಿಯುವಾಗ ಪೆಟ್ಟಿಗೆಗಳ ಮೇಲೆ ಒಂದು ರೆಕ್ಕೆ ವಾಲಿಸಿದಳೆಂದರೆ, ಇನ್ನು ಬಾಗಿಲು ತೆಗೆಯಬಹುದು ಎಂದರ್ಥ.

ಒಂದು ಬೆಳಿಗ್ಗೆ ಮಿಡತೆ ಆಗಲೇ ಎರಡು ಸಲ ಹೋಗಿ ಬಂದಿದ್ದಳು. ಮೂರನೆಯದು ನೀರಿನ ಸುತ್ತಿರಬೇಕೆಂದುಕೊಂಡಳು ಅಜ್ಜಿ. ಅದು ನೀರಲ್ಲ, ಟ್ಯಾಂಕಿನ ತುಂಬ ಔಷಧಿಯೇ ಇತ್ತು. ಹೊಲ ಮುಟ್ಟುವ ಮೊದಲೇ ಗಾಳಿ ಎದ್ದದ್ದರಿಂದ ಮಿಡತೆ ಅರ್ಧ ದಾರಿಯಿಂದ ತಿರುಗಿದ್ದಳು. ಬೇಲಿಯ ಹತ್ತಿರ ಗಾಳಿ ಬಡಿದು ರೆಕ್ಕೆ ವಾಲಿತು. ಅಜ್ಜಿ ಜಾಲರಿ ಕಿತ್ತಳು. ಹುಳಗಳು ಭುರ್ರನೆ ಎದ್ದವು.

ಅಂಥ ಹೊತ್ತಿನಲ್ಲಿ ಟ್ಯಾಂಕು ತೆರೆಯುವ ಹಿಡಿ ಎಳೆದು ಔಷಧಿಯನ್ನೆಲ್ಲ ಕೆಳಗೆ ಸುರಿದುಬಿಟ್ಟರೆ ವಿಮಾನ ಹಗುರಾಗುತ್ತದೆ. ಮಿಡತೆ ಕೆಳಗೆ ನೋಡಿದಳು, ಹಿಡಿ ಎಳೆಯಲಿಲ್ಲ. ಭಾರ ಹೊತ್ತ ವಿಮಾನ ನೆಲಕ್ಕೆ ಬಡಿದು, ಪುಟಿದು, ಪಕ್ಕಕ್ಕೆ ಸರಿದು, ಎಡಚಕ್ರ ನೀರುಗಾಲುವೆಯಲ್ಲಿ ಸಿಕ್ಕಿ, ಮೂಗು ಮಣ್ಣಿಗೆ ಚುಚ್ಚಿ ನಿಂತಿತು. ಮುಂದಿನ ಫ್ಯಾನು ಬಾಗಿತ್ತು.

ಅಜ್ಜಿ ಓಡಿದಳು. ಮಿಡತೆ ಬಲಗೈ ಎದೆಗೊತ್ತಿಕೊಂಡು ಇಳಿಯುತ್ತಿದ್ದಳು.

"ರೆಕ್ಕೆ ನಾನು ವಾಲಿಸಿದ್ದಲ್ಲ ಅಜ್ಜಿ. ಗಾಳಿ."

"ಅದಿರಲಿ, ಕೈ ತೋರಿಸು."

ಮಣಿಕಟ್ಟು ಮುರಿದಿತ್ತು. ಮಧ್ಯಾಹ್ನ ಧಣಿ ಬಂದು ವಿಮಾನದ ಸುತ್ತ ಸುತ್ತಿದ.

"ಹಿಡಿ ಎಳೆಯೋಕೆ ಏನಾಗಿತ್ತು ನಿನಗೆ?"

"ಕೆಳಗೆ ಹುಳ ಇದ್ದವು."

"ಹುಳ! ವಿಮಾನಕ್ಕಿಂತ ಹುಳ ಹೆಚ್ಚಾಯ್ತಾ? ಕೇಳು, ರಿಪೇರಿ ಮುಗಿಯೋದ್ರೊಳಗೆ ಆ ಪೆಟ್ಟಿಗೆ ಅಲ್ಲಿಂದ ಹೋಗಬೇಕು. ಇಲ್ಲಾಂದ್ರೆ ಸೀಟಿಗೆ ಬೇರೆಯವರನ್ನ ಕೂರಿಸ್ತೀನಿ. ಅಜ್ಜಿ, ನಮ್ಮ ಆಳುಗಳು ಈಗಲೇ ಎತ್ತಿಡ್ತಾರೆ."

"ಒಂದೇ ಸಲ ಎತ್ತಿಟ್ಟರೆ ಹುಳ ಹಳೇ ಜಾಗಕ್ಕೇ ಬಂದು, ಮನೆ ಹುಡುಕಿ ಹುಡುಕಿ ಸಾಯ್ತವೆ ಸ್ವಾಮಿ. ದಿನಕ್ಕೊಂದು ಮೊಳ ಸರಿಸಿದ್ರೆ ಮಾತ್ರ ಗುರುತು ಹಿಡೀತವೆ. ಮನೆ ಹಿಂದಕ್ಕೆ ಒಯ್ತೀನಿ. ನನಗೆ ಬಿಡಿ."

"ಮೊಳದ ಲೆಕ್ಕ ನನಗೆ ಬೇಡ. ಫ್ಯಾನು ಬಂದ ದಿನ ನೋಡ್ತೀನಿ."

ಸಂಜೆ ಅಜ್ಜಿ ಮೊದಲ ಪೆಟ್ಟಿಗೆಗೆ ಕೈ ಹಾಕಿದಾಗ ಗೇಟು ಕಿರ್ರೆಂದಿತು. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಮಿಡತೆ ಅಲ್ಲೇ ನಿಂತಿದ್ದಳು. ಆಮೇಲೆ ಒಳಗೆ ಬಂದಳು.

"ಎಡಗೈ ಇದೆ. ಎಲ್ಲಿ ಹಿಡೀಲಿ?"

"ಅಡಿಯಲ್ಲಿ. ಅಲುಗಾಡಿಸಬೇಡ, ಉಸಿರು ಬಿಡ್ತಾ ಎತ್ತು."

ಅಂದಿನಿಂದ ಒಂದು ಸಂಜೆಯೂ ತಪ್ಪಲಿಲ್ಲ. ಪಕ್ಕದ ಮನೆಯವನು ಗೋಡೆಯ ಮೇಲಿಂದ ಇಣುಕಿ ಕೇಳಿದ: "ಏನಜ್ಜಿ, ಪೆಟ್ಟಿಗೆಗೆ ನಡಿಯೋದು ಕಲಿಸ್ತಿದ್ದೀರಾ?"

"ಹೂಂ ಕಣೋ, ನಿನಗಿಂತ ಬೇಗ ಕಲೀತಿವೆ."

ಒಮ್ಮೆ ಹುಳವೊಂದು ಮಿಡತೆಯ ಕೆನ್ನೆಗೆ ಕಚ್ಚಿತು. ಕಣ್ಣಲ್ಲಿ ನೀರು ಬಂತು. ಪೆಟ್ಟಿಗೆ ಬಿಡಲಿಲ್ಲ, ನಿಧಾನವಾಗಿ ಕೆಳಗಿಟ್ಟಳು. ಅಜ್ಜಿ ಉಗುರಿನಿಂದ ಮುಳ್ಳು ಕೆರೆದು ತೆಗೆದಳು.

"ಮನೆಗೆ ಹೋಗಮ್ಮ, ಉಳಿದದ್ದು ನಾನು ನೋಡ್ಕೋತೀನಿ."

"ಇನ್ನೂ ಎರಡಿದೆ ಅಜ್ಜಿ" ಎಂದು ಊದಿದ ಮುಖದಲ್ಲೇ ಮುಂದಿನ ಪೆಟ್ಟಿಗೆಗೆ ಬಾಗಿದಳು.

ಪೆಟ್ಟಿಗೆಗಳು ಬಾವಿ ದಾಟಿದವು, ಬಟ್ಟೆ ಒಗೆಯುವ ಕಲ್ಲು ದಾಟಿದವು, ಮನೆಯ ಮೂಲೆ ಸುತ್ತಿದವು. ಪ್ಲಾಸ್ಟರ್ ಬಿಚ್ಚಿದ್ದಾಯಿತು. ಹೊಸ ಫ್ಯಾನು ಬಂದ ದಿನ ಧಣಿ ಬೇಲಿಯ ಹತ್ತಿರ ನಿಂತು ನೋಡಿದ. ಪೆಟ್ಟಿಗೆಯಿದ್ದ ಜಾಗದಲ್ಲಿ ಹಳದಿ ಹುಲ್ಲಿನ ಐದು ಗುರುತು ಬಿಟ್ಟರೆ ಏನೂ ಇರಲಿಲ್ಲ.

"ಸರಿ, ವಿಮಾನ ಹತ್ತು" ಎಂದ.

ಆ ಸಂಜೆ ಮಿಡತೆ ಅಜ್ಜಿಗೆ ಹೇಳಿದಳು: "ಇನ್ಮೇಲೆ ರೆಕ್ಕೆಯ ಮಾತು ಬೇಡ. ನಾನು ಇಳಿದು, ನಡೆದು ಬಂದು ಬಾಯಲ್ಲೇ ಹೇಳ್ತೀನಿ. ಅಲ್ಲಿ ತನಕ ಏನೇ ಕಂಡರೂ ಜಾಲರಿ ಮುಟ್ಟಬೇಡಿ."

ಮರುದಿನ ಬೆಳಿಗ್ಗೆ ವಿಮಾನ ಹೋಯಿತು, ಬಂತು, ಮತ್ತೆ ಹೋಯಿತು. ಅಜ್ಜಿ ಹಿತ್ತಲಲ್ಲಿ ಮಣೆ ಹಾಕಿ ಕೂತೇ ಇದ್ದಳು. ಕೊನೆಗೆ ಸದ್ದು ನೆಲಕ್ಕಿಳಿದು, ಒಂದೇ ಸಮನೆ ಉರುಳಿ, ಸುಮ್ಮನಾಯಿತು. ಗೇಟು ಕಿರ್ರೆಂದಿತು. ಮಿಡತೆ ಕೂಗಲಿಲ್ಲ. ನೆಟ್ಟಗೆ ಮನೆಯ ಹಿಂದಕ್ಕೆ ಬಂದು, ಗುಂಯ್ಗುಡುವ ಪೆಟ್ಟಿಗೆಗಳ ಮುಂದೆ ಮಂಡಿಯೂರಿ, ಮುರಿದು ಕೂಡಿದ ಕೈಯನ್ನು ಜಾಲರಿಯ ಹತ್ತಿರ ಚಾಚಿದಳು.

"ಅಜ್ಜಿ, ಇವತ್ತು ಬಾಗಿಲು ನಾನು ತೆಗೀಲಾ?"