ಕಾಡಿನ ರಸ್ತೆಯಲ್ಲಿ ಕೆಎ ಇಪ್ಪತ್ತೆಂಟು

ನಮ್ಮ ವಿಜಯಪುರ ಕಡೆಯವರ ಬಗ್ಗೆ ನನಗಿರುವ ಹೆಮ್ಮೆಗೆ ಪುರಾವೆ ಕಡಿಮೆ. ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯನ್ನು ಮಾತುಮಾತಿಗೂ ಆಧಾರ ಕೇಳಿ ಗೋಳಾಡಿಸಿದ ನಾನು, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳ ವಿಷಯ ಬಂದರೆ ಮಾತ್ರ ಆಧಾರ ಕೇಳದೆ ಎದೆಯುಬ್ಬಿಸುತ್ತೇನೆ.

ಮೊನ್ನೆ ಮೈಸೂರಿನಾಚೆಯ ರಾಷ್ಟ್ರೀಯ ಉದ್ಯಾನದ ರಸ್ತೆಯಲ್ಲೂ ಅದೇ ಆಯಿತು. ಅಕ್ಕ ರಜಿಯಾ ಕಾರು ಓಡಿಸುತ್ತಿದ್ದಳು, ನಾನು ಪಕ್ಕದಲ್ಲಿ ಕೂತು ನಾಲಗೆ ಓಡಿಸುತ್ತಿದ್ದೆ. ‘ಹಾರ್ನ್ ಮಾಡಬೇಡಿ’ ಎಂಬ ಫಲಕದ ಬುಡದಲ್ಲೇ ಒಬ್ಬರು ಹಾರ್ನ್ ಒತ್ತಿಕೊಂಡು ನುಗ್ಗಿದರು. ಇನ್ನೊಂದು ಕಾರಿನ ಚಾವಣಿಯ ಕಿಂಡಿಯಿಂದ ಅರ್ಧ ಮನುಷ್ಯ ಹೊರಬಂದು ಮಂಗಕ್ಕೆ ಚಿಪ್ಸ್ ಎಸೆಯುತ್ತಿದ್ದ. ಇಬ್ಬರಲ್ಲಿ ಮಂಗವೇ ಗಂಭೀರವಾಗಿತ್ತು.

“ನಮ್ಮ ಮಂದಿ ಹಿಂಗ ಮಾಡಂಗಿಲ್ಲ ನೋಡಕ್ಕ,” ಎಂದೆ.

ವಾದ ಗಟ್ಟಿಯಾಗಿಯೇ ಇತ್ತು. ನಮ್ಮಲ್ಲಿ ರಸ್ತೆ ಬರೀ ಗಾಡಿಗಳ ಸೊತ್ತಲ್ಲ. ಹೂವಿನ ಹಿಪ್ಪರಗಿಯ ಹಾದಿಯಲ್ಲಿ ಸುಗ್ಗಿಯ ಹೊತ್ತಿಗೆ ಅದು ಕಣ, ಸಂಜೆ ಹರಟೆಕಟ್ಟೆ. ಗೊಳಸಂಗಿ ಹತ್ತಿರ ಕುರಿಹಿಂಡು ಎದುರಾದರೆ ಬಸ್ಸೇ ಎಂಜಿನ್ ಆರಿಸಿ ನಿಲ್ಲುತ್ತದೆ. ಕಂಡಕ್ಟರ್ ಇಳಿದು ಕುರಿ ಕಾಯುವವನೊಡನೆ ಮಳೆಯ ಮಾತಾಡಿ ಬರುತ್ತಾನೆ. ಹೀಗೆ ಬೆಳೆದವರಿಗೆ ಜಿಂಕೆಗೆ ದಾರಿ ಬಿಡುವುದನ್ನು ಫಲಕ ಹಾಕಿ ಕಲಿಸಬೇಕೆ?

ಅಷ್ಟರಲ್ಲಿ ಒಂದು ಜಿಂಕೆ ರಸ್ತೆ ದಾಟಿತು. ಅದರ ಮರಿ ಬಲಬದಿಯ ಅಂಚಿನಲ್ಲೇ ಉಳಿಯಿತು. ಅಕ್ಕ ಕಾರು ನಿಲ್ಲಿಸಿದಳು. ಹಿಂದಿನ ಕಾರು ಹಾರ್ನ್ ಮೇಲೆ ಹಾರ್ನ್. ಮರಿ ಒಂದು ಹೆಜ್ಜೆ ಇಡುವುದು, ಬೆದರಿ ಹಿಂದೆ ಸರಿಯುವುದು.

ಅಕ್ಕ ಕನ್ನಡಿ ನೋಡಿ ತಣ್ಣಗೆ ಹೇಳಿದಳು: “ಹೊಳ್ಳಿ ನೋಡು, ಆ ಗಾಡಿ ನಂಬರ್ ಓದು.”

ಓದಿದೆ. ಕೆಎ ಇಪ್ಪತ್ತೆಂಟು. ನಮ್ಮ ವಿಜಯಪುರ ಜಿಲ್ಲೆಯದೇ! ಜೀವನದಲ್ಲಿ ನನ್ನ ವಾದವನ್ನು ಇಷ್ಟು ಚಿಕ್ಕದಾಗಿ ಯಾರೂ ಖಂಡಿಸಿರಲಿಲ್ಲ.

ಆ ಕಾರು ಬಲಕ್ಕೆ ಹೊರಳಿ ನಮ್ಮ ಪಕ್ಕಕ್ಕೇ ಬಂತು. ಇನ್ನು ನಾಲ್ಕು ಮಾರು ಮುಂದೆ ಹೋದರೆ ಮರಿ ಅದರ ಗಾಲಿಯಡಿ.

“ರೋಡ್ ನಿಮ್ಮಪ್ಪಂದೇನ್ರಿ?” ಎಂದರು ಒಳಗಿದ್ದ ಮೀಸೆಯವರು.

ನಾನು ಉತ್ತರ ಮಸೆಯುತ್ತಿದ್ದೆ. ಅಕ್ಕ ಕಿಟಕಿ ಇಳಿಸಿದಳು. “ಯಾವೂರ್ರಿ ಅಣ್ಣಾರ?”

ನಮ್ಮ ಕಡೆಯ ಮಾತು ಕಿವಿಗೆ ಬಿದ್ದದ್ದೇ ಅವರ ಕಾಲು ಬ್ರೇಕಿಗೆ ಹೋಯಿತು. “ಸಿಂದಗಿರಿ. ನೀವು?”

“ನಿಡಗುಂದಿ. ಅಲ್ರಿ, ಸಿಂದಗಿ ಹಾದ್ಯಾಗ ಕುರಿ ಬಂದ್ರೂ ಹಿಂಗ ನುಗ್ತೀರೇನು?”

“ಅಲ್ಲಿ ನುಗ್ಗಿದ್ರ ಕುರಿಯವ್ರು ಬಡಿಗಿ ತಗೀತಾರ್ರಿ ಅಕ್ಕಾರ!”

“ಹೌದಲ್ಲ? ಆ ಮರಿ ಅವ್ವನ ಕೈಯಾಗ ಬಡಿಗಿ ಇಲ್ಲ. ಅದಕ್ಕ ಕೇಳಿದೆ.”

ಮೀಸೆಯವರು ರಸ್ತೆಯಾಚೆ ನಿಂತು ಕಿವಿ ನಿಮಿರಿಸಿದ್ದ ತಾಯಿಯನ್ನು ನೋಡಿದರು. ಎಂಜಿನ್ ಆರಿಸಿದರು. ಹಿಂದಿನಿಂದ ಇನ್ನಾವುದೋ ಕಾರು ಹಾರ್ನ್ ಹೊಡೆದದ್ದೇ ತಡ, ಕಿಟಕಿಯಿಂದ ತಲೆ ಹೊರಹಾಕಿ ಗುಡುಗಿದರು: “ಏ ತಮ್ಮಾ, ಬಂದ್ ಮಾಡೋ ಅದನ್ನ! ಕೂಸು ದಾಟಾಕತ್ತೈತಿ, ಕಣ್ಣ ಕಾಣಂಗಿಲ್ಲೇನು?”

ಕೂಸು ಇನ್ನೂ ದಾಟುತ್ತಿರಲಿಲ್ಲ. ಈ ದನಿಗೆ ಹೌಹಾರಿ ಒಂದೇ ನೆಗೆತಕ್ಕೆ ರಸ್ತೆ ದಾಟಿ ತಾಯಿಯ ಪಕ್ಕೆಗೆ ಅಂಟಿಕೊಂಡಿತು.

ಕಾಡಿನಲ್ಲಿ ಹಾರ್ನ್ ತಪ್ಪಾದರೆ ಅದಕ್ಕಿಂತ ದೊಡ್ಡದಾದ ಈ ಕೂಗೂ ತಪ್ಪೇ ಎಂದು ಸಾಧಿಸಲು ನನಗೆ ಎರಡು ನಿಮಿಷವೂ ಬೇಕಿರಲಿಲ್ಲ. ಆದರೆ ಮೀಸೆಯವರು ನನ್ನತ್ತ ತಿರುಗಿ “ಹೆಂಗ?” ಎಂಬಂತೆ ಹುಬ್ಬು ಹಾರಿಸಿದರು. ನಮ್ಮವರು ತಪ್ಪೇ ಮಾಡುವುದಿಲ್ಲ ಎಂಬ ವಾದ ಅಲ್ಲೇ ಬಿದ್ದಿತ್ತು, ಒಪ್ಪುತ್ತೇನೆ. ತಿದ್ದಿಕೊಳ್ಳಲು ನಮ್ಮವರಿಗೆ ಒಂದು ಮಾತು ಸಾಕು ಎಂಬ ಹೊಸ ವಾದ ಎದ್ದು ನಿಂತಿತ್ತು. ನಾನು ಅಕ್ಕನ ಕಿಟಕಿಯತ್ತ ಬಾಗಿ ಅವರಿಗೆ ಕೈ ಜೋಡಿಸಿ, ಮುಖ ಅವಳಿಗೆ ಕಾಣದಂತೆ ನನ್ನ ಕಡೆಯ ಕಾಡು ನೋಡತೊಡಗಿದೆ.