ತಟ್ಟುವಿಗೊಂದು ‘ರಿ’

ಮದುವೆಯಾಗಿ ಕುಂದಗೋಳಕ್ಕೆ ಬಂದಾಗ ನನಗೆ ಹತ್ತೊಂಬತ್ತು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಮಾವನವರು ಸ್ಟೇಶನ್ನಿನಿಂದ ಪೇಟೆಗೆ ಟಾಂಗಾ ಹೊಡೆಯುತ್ತಿದ್ದರು. ಅತ್ತೆಯವರದು ಒಂದೇ ಕಟ್ಟಳೆ: ಹೊಸ ಸೊಸೆ ಮನೆಯಲ್ಲಿ ಯಾರಿಗೂ ‘ನೀ’ ಅನ್ನಬಾರದು. ಗಂಡನಿಗೆ, ಮಾವನಿಗೆ ಸರಿ. ನಾಲ್ಕನೆಯ ಇಯತ್ತೆ ಓದುವ ನಾದಿನಿಗೂ ‘ಉಣ್ಣಾಕ ಬರ್ರಿ’ ಅನ್ನಬೇಕು. ಮೊದಮೊದಲು ನಗು ತಡೆಯುವುದೇ ಕಷ್ಟವಾಗಿತ್ತು. ಆರು ತಿಂಗಳಲ್ಲಿ ನಾಲಿಗೆ ಎಷ್ಟು ಪಳಗಿತೆಂದರೆ, ಹಾಲಿಗೆ ಬಾಯಿ ಹಾಕಲು ಬಂದ ಬೆಕ್ಕಿಗೂ ‘ಹೊರಗ ಹೋಗ್ರಿ’ ಅಂದುಬಿಟ್ಟೆ.

ಆ ವರ್ಷ ಹಳೆಯ ಕುದುರೆ ಸತ್ತಿತು. ಮಾವ ಕುರಿಗಾರರ ಹತ್ತಿರದಿಂದ ಒಂದು ಕಂದು ತಟ್ಟು ತಂದರು. ಗಿಡ್ಡ ಕುದುರೆ, ನನ್ನ ಎದೆಯಷ್ಟೇ ಎತ್ತರ. ಬೆನ್ನ ಮೇಲೆ ಹೇರು ಹೊತ್ತು ಅದಕ್ಕೆ ರೂಢಿ ಇತ್ತು, ಆದರೆ ಹಿಂದಿನಿಂದ ಏನಾದರೂ ಉರುಳಿಕೊಂಡು ಬಂದರೆ ಜೀವವೇ ಹೋದಂತೆ ಹಾರುತ್ತಿತ್ತು. ಬಂದ ಮೂರನೆಯ ದಿನವೇ ಬೆದರಿ ಮಾವನವರ ಪಾದ ತುಳಿಯಿತು. ಎರಡು ತಿಂಗಳು ಕಾಲು ಊರಬೇಡಿ ಎಂದರು ಡಾಕ್ಟರು. ನನ್ನ ಗಂಡ ಬೆಳಗಿನ ಗಾಡಿಗೆ ಹುಬ್ಬಳ್ಳಿಯ ಹತ್ತಿ ಜಿನ್ನಿಗೆ ಹೋದರೆ ಬರುವುದು ಸಂಜೆ. ಉಳಿದವಳು ನಾನು.

“ಇನ್ನ ಎರಡು ತಿಂಗಳದಾಗ ಇದು ಗಾಡಿ ಎಳಿಯೂದು ಕಲೀಲಿಲ್ಲಂದ್ರ ಸಂತಿಗೆ ಹೊಡದು ಮಾರಿ ಬರೂದು,” ಎಂದರು ಮಾವ.

ಅವರು ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಹೇಳುವುದು, ನಾನು ಮಾಡುವುದು. ಮೊದಲ ವಾರ ಲಗಾಮಿನ ಕಬ್ಬಿಣಕ್ಕೆ ಬೆಲ್ಲ ಸವರಿ ಬಾಯಿಗೆ ರೂಢಿ ಮಾಡಿಸಿದೆ. ಆಮೇಲೆ ಉದ್ದ ಹಗ್ಗ ಕಟ್ಟಿ, ಹಿಂದೆ ನಡೆಯುತ್ತ ಎಡಕ್ಕೆ ಬಲಕ್ಕೆ ತಿರುಗಿಸಿದೆ. ನಂತರ ಒಂದು ಕಟ್ಟಿಗೆಯ ದಿಮ್ಮಿ ಕಟ್ಟಿ ಎಳೆಸಿದೆ. ಅದರ ಸದ್ದಿಗೆ ತಟ್ಟು ಎರಡು ದಿನ ಕುಣಿದು, ಮೂರನೆಯ ದಿನ ಬೇಸರ ಬಂದು ಸುಮ್ಮನಾಯಿತು. ಕೊನೆಗೆ ಖಾಲಿ ಟಾಂಗಾ ಹೂಡಿ ಹಿತ್ತಲ ಹಿಂದಿನ ಬಂಡಿದಾರಿಗೆ ಕರೆದೊಯ್ದೆ. ಸೊಸೆಯ ದನಿ ಏರಬಾರದಲ್ಲ, ಎಲ್ಲವನ್ನೂ ಪಿಸುಮಾತಿನಲ್ಲೇ ಹೇಳುತ್ತಿದ್ದೆ. ಅದು ಕಿವಿ ಹಿಂದಕ್ಕೆ ತಿರುಗಿಸಿ ಕೇಳುತ್ತಿತ್ತು. ಮಾವನವರಿಗೆ ದೂರದಿಂದ ತಟ್ಟು ನಡೆಯುವುದು, ನಿಲ್ಲುವುದು ಕಾಣುತ್ತಿತ್ತೇ ಹೊರತು ನಾನು ಏನು ಹೇಳುತ್ತೇನೆಂದು ಕೇಳಿಸುತ್ತಿರಲಿಲ್ಲ.

ನಿಜ ಹೇಳುತ್ತೇನೆ, ಆ ತಟ್ಟು ನನಗೆ ಬೇಕಾಗಿತ್ತು. ಒಲೆ, ಬಚ್ಚಲು, ಒಲೆ ಎಂದು ಸುತ್ತುವವಳಿಗೆ ಆ ಬಂಡಿದಾರಿಯ ಒಂದು ತಾಸು ಸ್ವಂತದ್ದಾಗಿತ್ತು. ಅದು ಸಂತೆಗೆ ಹೋದರೆ ಆ ತಾಸೂ ಹೋಗುತ್ತಿತ್ತು.

ಮಾವನವರ ಕಾಲು ನೆಟ್ಟಗಾದ ಮೇಲೆ ಒಂದು ಬೆಳಿಗ್ಗೆ ಟಾಂಗಾ ಹೊರಟಿತು. ಬೆದರಿದರೆ ಹಿಡಿಯಲು ಇರಲೆಂದು ಸ್ಟೇಶನ್ನಿನವರೆಗೆ ನಾನೇ ಮುಂದೆ ನಡೆದು ಕರೆದುಕೊಂಡು ಹೋದೆ. ಅಲ್ಲಿ ಮಾವ ಠೀವಿಯಿಂದ ಹತ್ತಿ ಕೂತು, ಲಗಾಮು ಎಳೆದು, “ಚಲ್ ಬೇಟಾ!” ಅಂದರು.

ತಟ್ಟು ಅಲ್ಲಾಡಲಿಲ್ಲ.

“ನಡಿ ಲೇ!” ಅಂದರು. ಬಾಲವನ್ನೂ ಬೀಸಲಿಲ್ಲ. ಮಾವ ತಮಗೆ ಬರುವ ಬೈಗುಳವನ್ನೆಲ್ಲ ಬೈದರು. ಉಳಿದ ಟಾಂಗಾದವರು ಬೀಡಿ ಆರಿಸಿ ಸುತ್ತ ನೆರೆದರು.

“ಕಾಕಾ, ಕುದರಿ ತಂದಿಯೋ, ಕಲ್ಲಿನ ಬಸವಣ್ಣನ್ನ ತಂದಿಯೋ?”

ಮಾವನವರ ಮುಖ ಕೆಂಪಾಯಿತು. “ಸಾಕು. ಬರೂ ಸಂತಿಗೇ ಹೊಡೀತೇನಿ,” ಎಂದು ಚಾಟಿ ಎತ್ತಿದರು.

ತಪ್ಪು ಎಲ್ಲಿದೆ ಎಂದು ನನಗೆ ಆಗಲೇ ಹೊಳೆದಿತ್ತು. ಹೇಳಿದರೆ ನನ್ನ ಮಾನ, ಹೇಳದಿದ್ದರೆ ತಟ್ಟು. ಸೆರಗು ಎಳೆದುಕೊಂಡು ಹತ್ತಿರ ಹೋದೆ.

“ಮಾಂವಾರ, ಹೊಡೀಬ್ಯಾಡ್ರಿ. ಅದಕ್ಕ ‘ನಡೀರಿ’ ಅನ್ನಬೇಕ್ರಿ.”

ಮಾತು ಬಾಯಿಂದ ಬಿದ್ದದ್ದೇ ತಡ, ತಟ್ಟು ಹೊರಟೇಬಿಟ್ಟಿತು. “ನಿಂದರ್ರಿ,” ಅಂದೆ. ನಿಂತಿತು.

“ಕುದರಿಗೆ ರಿ?” ಎಂದರು ಮಾವ.

“ರೂಢಿ ಆಗೇತ್ರಿ ನನಗ.”

ಅಷ್ಟರಲ್ಲಿ ರೈಲು ಬಂತು. ಇದ್ಯಾವುದೂ ಗೊತ್ತಿಲ್ಲದ, ನಮ್ಮ ಓಣಿಯ ಹಿರಿಯ ಮಾಸ್ತರು ಕೈಚೀಲ ಹಿಡಿದು ಬಂದು ಟಾಂಗಾದ ಹಿಂದಿನ ಸೀಟಿಗೆ ಹತ್ತಿದರು. ಆ ಸ್ಟ್ಯಾಂಡಿನಲ್ಲಿ ಮಾವ ಯಾವ ಕುದುರೆಗೂ ಬೈಯದೆ ಮಾತಾಡಿದವರಲ್ಲ, ಕೇಳುವವರೂ ಎಲ್ಲ ಅಲ್ಲೇ ನಿಂತಿದ್ದರು. ಮಾವ ಚಾಟಿಯನ್ನು ನೋಡಿದರು, ನನ್ನನ್ನು ನೋಡಿದರು. ಚಾಟಿಯನ್ನು ಸೀಟಿನ ಕೆಳಗೆ ತುರುಕಿ, ಔಷಧಿ ನುಂಗುವವರ ಹಾಗೆ ಕಣ್ಣು ಮುಚ್ಚಿ, “ನಡೀರಿ!” ಎಂದರು.

ಮಾಸ್ತರು ದಡಕ್ಕನೆ ಇಳಿದರು. “ನಡಕೋತ ಹೋಗಂತ ಮೊದಲ ಹೇಳಬೇಕಿತ್ತಪಾ! ಹತ್ತಿದ ಮ್ಯಾಲ ಹೇಳ್ತೀಯೇನು?”

ಅವರನ್ನು ಬಿಟ್ಟು ಟಾಂಗಾ ಹೊರಟೇ ಹೋಯಿತು. “ನಿಂದರ್ರಿ, ನಿಂದರ್ರಿ!” ಎಂದು ಮಾವ ಕೂಗಿದರು. ಸಿಟ್ಟಿನಿಂದ ಪೇಟೆಯ ಕಡೆ ಹೊರಟಿದ್ದ ಮಾಸ್ತರೂ ನಿಂತರು, ತಟ್ಟುವೂ ನಿಂತಿತು. ಸ್ಟ್ಯಾಂಡಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಭೂಮಿ ಬಾಯಿ ಬಿಡಲಿ ಎಂದು ಕಾಯುತ್ತಿದ್ದೆ.

“ಏನ್ ಕಾಕಾ, ಈ ವಯಸ್ಸಿನ್ಯಾಗ ಕುದರಿಗೆ ರಿ ಅನ್ನಾಕತ್ತೀಯಲಾ?” ಎಂದ ಒಬ್ಬ.

ಮಾವ ಮಾಸ್ತರನ್ನು ಕೈಹಿಡಿದು ಹತ್ತಿಸಿಕೊಂಡು ಲಗಾಮು ಸರಿ ಮಾಡಿದರು.

“ಕಲಿಸಿದಾಕಿ ನಮ್ಮ ಸೊಸಿ. ಆಕಿ ಹೆಂಗ ಹೇಳ್ಯಾಳೋ ಹಂಗ ಅದೂ ನಡೀಬೇಕು, ನಾನೂ ನಡೀಬೇಕು,” ಎಂದರು.